ಅರ್ಥದ ಹುಡುಕಾಟ ಮತ್ತು ‘ಸಾರ್ಥಕ’ ಎಂಬ ಮಾತು

ಬೆಂಗಳೂರಿನ ದೊಡ್ಡ ಪುಸ್ತಕದಂಗಡಿಗಳಲ್ಲಿ ಇಂದು ಎದ್ದು ಕಾಣುವುದು ಕಾವ್ಯವೂ ಅಲ್ಲ, ಕಾದಂಬರಿಯೂ ಅಲ್ಲ. ಬದುಕಿನ ಉದ್ದೇಶವನ್ನು ಕಂಡುಕೊಳ್ಳುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳ ಸಾಲು. ವಾರಾಂತ್ಯದ ಶಿಬಿರಗಳು, ಕಂಪೆನಿಗಳು ತಮ್ಮ ನೌಕರರಿಗೆಂದು ಏರ್ಪಡಿಸುವ ಉಪನ್ಯಾಸಗಳು, ಮೊಬೈಲಿನಲ್ಲಿ ಹಗಲಿರುಳೂ ಹರಿದುಬರುವ ಪ್ರವಚನಗಳು ಇವೆಲ್ಲವೂ ನೀಡುವ ಭರವಸೆ ಹೆಚ್ಚುಕಡಿಮೆ ಒಂದೇ. ನಿಮಗಾಗಿಯೇ ಮೀಸಲಾದ ಉದ್ದೇಶವೊಂದು ಎಲ್ಲೋ ಅಡಗಿದೆ, ಅದನ್ನು ಪತ್ತೆಹಚ್ಚಿದ ದಿನ ನಿಮ್ಮ ಬದುಕು ಬೆಳಗುತ್ತದೆ ಎಂಬುದು ಆ ಭರವಸೆ. ಹೂತಿಟ್ಟ ನಿಧಿಯನ್ನು ತೋರಿಸುವ ಅಂಜನದ ಮಾತನ್ನು ನಮ್ಮ ಹಳ್ಳಿಗಳಲ್ಲಿ ಹಿಂದೆ ಕೇಳುತ್ತಿದ್ದೆವು. ಇದು ಅದರ ನಗರದ ರೂಪವೇನೋ ಎನಿಸುತ್ತದೆ.

ಗೇಲಿ ಮಾಡುವುದು ಸುಲಭ. ಆದರೆ ಆ ಪುಸ್ತಕಗಳನ್ನು ಕೊಳ್ಳುವವರ ಕೊರಗು ಸುಳ್ಳಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಪರೀಕ್ಷೆಯ ಮುಂಚಿನ ದಿನಗಳಲ್ಲಿ, ಪಾಠ ಮುಗಿದ ಮೇಲೆ ಹಿಂದುಳಿದು, ‘ಇದೆಲ್ಲಾ ಯಾಕೆ ಸರ್?’ ಎಂದು ಕೇಳುವ ಒಬ್ಬಿಬ್ಬರು ಪ್ರತಿ ವರ್ಷವೂ ಇರುತ್ತಿದ್ದರು. ನಿವೃತ್ತನಾದ ಮೇಲೆ ಅದೇ ಪ್ರಶ್ನೆಯನ್ನು ಎರಡು ಕಡೆಯಿಂದ ಕೇಳುತ್ತಿದ್ದೇನೆ. ಒಂದು, ಆಗ ವಿದ್ಯಾರ್ಥಿಗಳಾಗಿದ್ದು ಈಗ ನಲವತ್ತು ದಾಟಿರುವವರಿಂದ. ಸ್ವಂತ ಮನೆಯಾಗಿದೆ, ಸಾಲದ ಕಂತು ಅರ್ಧ ತೀರಿದೆ, ಮಕ್ಕಳು ಒಳ್ಳೆಯ ಶಾಲೆಯಲ್ಲಿದ್ದಾರೆ. ಆದರೂ ಭಾನುವಾರ ಸಂಜೆಯಾದೊಡನೆ ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತದೆ ಎನ್ನುತ್ತಾರೆ. ಇನ್ನೊಂದು, ಬೆಳಗಿನ ಹೊತ್ತು ಉದ್ಯಾನದಲ್ಲಿ ಜೊತೆಯಾಗುವ ನನ್ನ ಓರಗೆಯವರಿಂದ. ಅರುವತ್ತು ತುಂಬಿದ ಮರುದಿನದಿಂದ ಅವರಿಗೆ ಪಿಂಚಣಿ ಬರುತ್ತಿದೆ. ಆದರೆ ಅವರ ಸಹಿಗಾಗಿ ಕಾಯುವವರು ಯಾರೂ ಇಲ್ಲ. ಇವರಿಬ್ಬರ ನಡುವೆ ಒಂದು ಸಾಮ್ಯವಿದೆ. ಬದುಕಲು ಬೇಕಾದದ್ದು ಇಬ್ಬರಲ್ಲಿಯೂ ಇದೆ. ಯಾತಕ್ಕಾಗಿ ಬದುಕಬೇಕೆಂಬುದು ಮಾತ್ರ ಕೈಗೆ ಸಿಗುತ್ತಿಲ್ಲ.

ಅನುಕೂಲವಂತರನ್ನೇ ಈ ಪ್ರಶ್ನೆ ಹುಡುಕಿಕೊಂಡು ಬಂದ ಉದಾಹರಣೆಗಳಲ್ಲಿ ಲಿಯೋ ಟಾಲ್‌ಸ್ಟಾಯ್ ಅವರದು ಬಹಳ ಪ್ರಸಿದ್ಧ. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’ದಂಥ ಮೇರು ಕೃತಿಗಳನ್ನು ಬರೆದು ಮುಗಿಸಿ, ಐವತ್ತರ ಹೊಸ್ತಿಲಿನಲ್ಲಿ, ಕೀರ್ತಿ, ಭೂಮಿ, ಸಂಸಾರ ಎಲ್ಲವೂ ಕೈತುಂಬ ಇದ್ದಾಗಲೇ ಅವರು ಕುಸಿದರು. ‘ಆಮೇಲೇನು?’ ಎಂಬ ಒಂದೇ ಪ್ರಶ್ನೆ ಅವರ ಎಲ್ಲ ಸಾಧನೆಗಳನ್ನೂ ನುಂಗಿಹಾಕಿತು. ಬದುಕನ್ನು ಕೊನೆಗಾಣಿಸಿಕೊಂಡೇನೆಂಬ ಭಯದಿಂದ ಹಗ್ಗವನ್ನು ಕಣ್ಣಿಗೆ ಬೀಳದಂತೆ ಇಡಬೇಕಾಗಿ ಬಂತೆಂದು ಅವರೇ ತಮ್ಮ ‘ತಪ್ಪೊಪ್ಪಿಗೆ’ಯಲ್ಲಿ ಬರೆದಿದ್ದಾರೆ. ವಿಜ್ಞಾನ, ತತ್ತ್ವಶಾಸ್ತ್ರ, ತಮ್ಮ ವರ್ಗದ ವಿದ್ಯಾವಂತರ ಬದುಕು ಯಾವುದರಲ್ಲಿಯೂ ಉತ್ತರ ದೊರೆಯದೆ, ಕೊನೆಗೆ ಅವರ ದೃಷ್ಟಿ ಹೊರಳಿದ್ದು ದುಡಿದು ಉಣ್ಣುವ ರೈತರ ಕಡೆಗೆ. ಬದುಕಿನ ಅರ್ಥವೇನೆಂದು ವ್ಯಾಖ್ಯಾನಿಸಲಾರದ ಜನ ಅರ್ಥವುಳ್ಳ ಬದುಕನ್ನು ಬದುಕುತ್ತಿರುವುದನ್ನು ಅವರು ಅಲ್ಲಿ ಕಂಡರು. ಹಳ್ಳಿಯ ಬದುಕನ್ನು ಅವರು ಅತಿಯಾಗಿ ಆದರ್ಶೀಕರಿಸಿದರೆಂದು ವಾದಿಸಬಹುದು. ಆದರೂ ಅವರ ಅನುಭವದಲ್ಲೊಂದು ಸುಳಿವಿದೆ. ಬದುಕಿನ ಅರ್ಥವನ್ನು ಬದುಕಿನಿಂದ ಬಿಡಿಸಿ, ಅಂಗೈಯಲ್ಲಿ ಇಟ್ಟುಕೊಂಡು ನೋಡಹೊರಟರೆ ಅದು ಕಾಣುವುದಿಲ್ಲ.

ಈ ಸುಳಿವನ್ನು ನಮ್ಮ ಭಾಷೆಯೂ ತನ್ನದೇ ರೀತಿಯಲ್ಲಿ ಕೊಡುತ್ತದೆ. ‘ಅರ್ಥ’ ಎಂಬುದು ವಿಚಿತ್ರವಾದ ಪದ. ಪದದ ಅರ್ಥವೂ ಅದೇ, ಹಣವೂ ಅದೇ, ಪ್ರಯೋಜನವೂ ಅದೇ. ಮನುಷ್ಯ ಬಯಸಿ ಸಾಧಿಸಬೇಕಾದದ್ದು ಪುರುಷಾರ್ಥ, ತನಗಾಗಿ ಮಾತ್ರ ಬಯಸಿದ್ದು ಸ್ವಾರ್ಥ, ಕೈಜಾರಿ ಹೋದದ್ದು ವ್ಯರ್ಥ, ಕೈಗೂಡಿಸಿಕೊಂಡವನು ಕೃತಾರ್ಥ. ಈ ಬಳಗದಲ್ಲಿ ಜನಸಾಮಾನ್ಯರ ಬಾಯಲ್ಲಿ ಇಂದಿಗೂ ಜೀವಂತವಾಗಿರುವ ಮಾತು ‘ಸಾರ್ಥಕ’. ಓದುಬರಹ ಅರಿಯದ ಮುದುಕಿಯೂ ‘ಜನ್ಮ ಸಾರ್ಥಕವಾಯಿತು’ ಎನ್ನುತ್ತಾಳೆ. ಅವಳು ಅದನ್ನು ಯಾವಾಗ ಹೇಳುತ್ತಾಳೆಂಬುದನ್ನು ಗಮನಿಸಬೇಕು. ಮೊಮ್ಮಗಳು ಓದಿ ಕೆಲಸಕ್ಕೆ ಸೇರಿದ ದಿನ, ಊರಿನ ಬತ್ತಿದ ಕೆರೆಗೆ ನೀರು ಬಂದ ದಿನ, ದೂರವಾಗಿದ್ದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡ ದಿನ. ಯಾರನ್ನಾದರೂ ಹರಸುವಾಗ ‘ಸಾರ್ಥಕವಾಗಲಿ’ ಎನ್ನುವುದುಂಟು. ಆದರೆ ‘ಬರುವ ತಿಂಗಳಿನಿಂದ ನನ್ನ ಬದುಕನ್ನು ಸಾರ್ಥಕ ಮಾಡಿಕೊಳ್ಳುತ್ತೇನೆ’ ಎಂದು ಯೋಜನೆ ಹಾಕುವವರನ್ನು ನಾನು ಕಂಡಿಲ್ಲ. ಸಾರ್ಥಕ್ಯವು ಹಿಂತಿರುಗಿ ನೋಡಿದಾಗ ಕಾಣಿಸುವಂಥದು. ಮುಂದೆ ನಡೆಯುವಾಗ ಕಾಣಿಸುವುದು ಆಗಬೇಕಾದ ಕೆಲಸ ಮಾತ್ರ.

ಪದಕ್ಕೆ ಅರ್ಥ ಎಲ್ಲಿಂದ ಬರುತ್ತದೆ ಎಂಬುದನ್ನು ಭಾರತೀಯ ಮೀಮಾಂಸಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಅವರು ಕೊಡುವ ದೃಷ್ಟಾಂತ ತೀರ ಸರಳವಾದದ್ದು. ಮನೆಯ ಹಿರಿಯನೊಬ್ಬ ಇನ್ನೊಬ್ಬನಿಗೆ ‘ಹಸುವನ್ನು ತಾ’ ಎನ್ನುತ್ತಾನೆ. ಅವನು ಹೋಗಿ ಹಸುವನ್ನು ತರುತ್ತಾನೆ. ಹತ್ತಿರದಲ್ಲಿ ಕುಳಿತ ಮಗು ಇದನ್ನು ನೋಡುತ್ತದೆ. ಮತ್ತೊಮ್ಮೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳನ್ನು ಕೇಳಿ, ಅದಕ್ಕೆ ತಕ್ಕ ಕ್ರಿಯೆಗಳನ್ನು ಕಂಡು, ಹಸು ಎಂದರೇನು, ತರುವುದೆಂದರೇನು ಎಂಬುದನ್ನು ಕಲಿಯುತ್ತದೆ. ಪ್ರಭಾಕರನ ಪಂಥದವರು ಇದರಿಂದ ತೆಗೆಯುವ ಸಿದ್ಧಾಂತವೆಂದರೆ, ಪದಕ್ಕೆ ಒಂಟಿಯಾಗಿ ಅರ್ಥವಿಲ್ಲ. ವಾಕ್ಯದಲ್ಲಿ, ಉಳಿದ ಪದಗಳೊಡನೆ, ಮಾಡಬೇಕಾದ ಒಂದು ಕಾರ್ಯದೊಡನೆ ಸೇರಿದಾಗಲೇ ಅದು ಅರ್ಥವನ್ನು ಹೇಳುತ್ತದೆ. ಕುಮಾರಿಲ ಭಟ್ಟನ ಪಂಥದವರು ಇದನ್ನು ಒಪ್ಪುವುದಿಲ್ಲ. ಪ್ರತಿ ಪದಕ್ಕೂ ತನ್ನದೇ ಆದ ಅರ್ಥವಿದೆ, ಆ ಅರ್ಥಗಳು ಆಮೇಲೆ ಕೂಡಿಕೊಳ್ಳುತ್ತವೆ ಎಂಬುದು ಅವರ ಪಕ್ಷ.

ಅವರು ಚರ್ಚಿಸಿದ್ದು ಭಾಷೆಯನ್ನು. ಬದುಕಿಗೆ ಅದನ್ನು ಅನ್ವಯಿಸುತ್ತಿರುವವನು ನಾನು. ಆದರೆ ತರಗತಿಯಲ್ಲಿ ಈ ವಾದವನ್ನು ವಿವರಿಸುವಾಗಲೆಲ್ಲ ನನಗೆ ಇದು ಪದಗಳಿಗಿಂತ ಮನುಷ್ಯರಿಗೇ ಹೆಚ್ಚು ಹೊಂದುತ್ತದೆ ಎನಿಸಿದೆ. ‘ನನ್ನ ಬದುಕಿನ ಅರ್ಥವೇನು?’ ಎಂದು ಒಬ್ಬಂಟಿಯಾಗಿ ಕುಳಿತು ಕೇಳುವವನು ವಾಕ್ಯದಿಂದ ಕಳಚಿಬಿದ್ದ ಪದದಂತೆ. ನಿಘಂಟಿನಲ್ಲಿ ಅವನಿಗೆ ಹತ್ತಾರು ಅರ್ಥಗಳು ಸಿಗಬಹುದು. ಯಾವುದು ಸರಿಯೆಂದು ನಿರ್ಧರಿಸಲು ವಾಕ್ಯವೇ ಬೇಕು. ನಿವೃತ್ತರ ಸಂಕಟಕ್ಕೂ ಇದೇ ಕಾರಣವಿರಬಹುದು. ಕಚೇರಿ ಎಂಬ ವಾಕ್ಯದಲ್ಲಿ ಮೂವತ್ತೈದು ವರ್ಷ ಕ್ರಿಯಾಪದವಾಗಿದ್ದವರು ಒಂದು ಸಂಜೆ ಹಾರ, ಶಾಲು, ಹಣ್ಣಿನ ಬುಟ್ಟಿಯೊಡನೆ ಹೊರಗೆ ಬರುತ್ತಾರೆ. ಮರುದಿನ ಬೆಳಿಗ್ಗೆ ಅವರನ್ನು ಸೇರಿಸಿಕೊಳ್ಳುವ ವಾಕ್ಯವೇ ಇರುವುದಿಲ್ಲ.

ಆ ವಾಕ್ಯ ಎಲ್ಲಿ ಸಿಗುತ್ತದೆ? ಈ ವಿಷಯದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ತೀರ ಗಂಭೀರವಾಗಿ ಯೋಚಿಸಿದವರು ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್. 1905ರಲ್ಲಿ ಹುಟ್ಟಿದ ಈ ಯಹೂದಿ ವೈದ್ಯರಿಗೆ 1941ರಲ್ಲಿ ಅಮೆರಿಕಕ್ಕೆ ವಲಸೆಹೋಗುವ ವೀಸಾ ದೊರೆತಿತ್ತು. ಹೋದರೆ ತಾವು ಉಳಿಯುತ್ತಾರೆ, ತಮ್ಮ ಸಿದ್ಧಾಂತವೂ ಉಳಿಯುತ್ತದೆ. ಆದರೆ ವಯಸ್ಸಾದ ತಂದೆತಾಯಿ ನಾಜಿಗಳ ಕೈಯಲ್ಲಿ ಉಳಿಯುತ್ತಾರೆ. ಈ ಇಕ್ಕಟ್ಟಿನಲ್ಲಿರುವಾಗ ಮನೆಯಲ್ಲಿ ಒಂದು ಅಮೃತಶಿಲೆಯ ಚೂರು ಅವರ ಕಣ್ಣಿಗೆ ಬಿತ್ತು. ನಾಜಿಗಳು ನಾಶಮಾಡಿದ ಯಹೂದಿ ಪ್ರಾರ್ಥನಾಮಂದಿರದ ಅವಶೇಷಗಳಲ್ಲಿ ಅದು ಅವರ ತಂದೆಗೆ ಸಿಕ್ಕಿತ್ತು. ಅದರ ಮೇಲಿದ್ದ ಒಂದೇ ಒಂದು ಅಕ್ಷರ, ತಂದೆತಾಯಿಯರನ್ನು ಗೌರವಿಸಬೇಕೆಂಬ ಧರ್ಮಾಜ್ಞೆಗೆ ಸೇರಿದ್ದು. ಫ್ರಾಂಕ್ಲ್ ವೀಸಾದ ಅವಧಿ ಮುಗಿಯಲು ಬಿಟ್ಟರು.

ಕಥೆ ಇಲ್ಲಿಗೇ ನಿಂತಿದ್ದರೆ ಅದೊಂದು ನೀತಿಪಾಠವಾಗುತ್ತಿತ್ತು. ಆದರೆ 1942ರಲ್ಲಿ ಅವರನ್ನು ತಂದೆತಾಯಿ ಮತ್ತು ಹೆಂಡತಿಯೊಡನೆ ತೆರೆಸಿನ್‌ಸ್ಟಾಟ್‌ಗೆ ಸಾಗಿಸಲಾಯಿತು. ತಂದೆ ಅಲ್ಲಿಯೇ ತೀರಿಕೊಂಡರು. ತಾಯಿಯನ್ನು ಆಶ್‌ವಿಟ್ಸ್‌ನಲ್ಲಿ ಕೊಲ್ಲಲಾಯಿತು. ಹೆಂಡತಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಪ್ರಾಣ ಬಿಟ್ಟರು. 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಫ್ರಾಂಕ್ಲ್ ಅದೇ ವರ್ಷ ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿದ ಪುಸ್ತಕ ಮುಂದೆ ಜಗತ್ತಿನ ಹಲವು ಭಾಷೆಗಳಿಗೆ ಹೋಯಿತು. ಅದರ ತಿರುಳಾದ ಮಾತು ಇಷ್ಟು: ಬದುಕಿನಿಂದ ನನಗೇನು ಸಿಗುತ್ತದೆ, ಅದರ ಅರ್ಥವೇನು ಎಂದು ನಾವು ಪ್ರಶ್ನಿಸುತ್ತಾ ಕೂರುವುದಲ್ಲ, ಬದುಕೇ ನಮ್ಮನ್ನು ದಿನದಿನವೂ ಪ್ರಶ್ನಿಸುತ್ತಿದೆ, ನಾವು ಮಾತಿನಿಂದಲ್ಲದೆ ನಡೆಯಿಂದ ಉತ್ತರಿಸಬೇಕಾಗಿದೆ.

ಉಳಿದುಕೊಂಡದ್ದರಿಂದ ಫ್ರಾಂಕ್ಲ್ ತಮ್ಮ ತಂದೆತಾಯಿಯರನ್ನು ಉಳಿಸಿಕೊಳ್ಳಲಾಗಲಿಲ್ಲ. ಹಾಗಾದರೆ ಅವರ ನಿರ್ಧಾರ ವ್ಯರ್ಥವೇ? ಯಶಸ್ಸನ್ನೇ ಅಳತೆಗೋಲಾಗಿಸಿಕೊಂಡರೆ ಹೌದೆನ್ನಬೇಕಾಗುತ್ತದೆ. ಆದರೆ ಯಾವ ಓದುಗನಿಗೂ ಹೌದೆನ್ನಲು ಮನಸ್ಸು ಬರಲಾರದು. ಅರ್ಥ ಬೇರೆ, ಯಶಸ್ಸು ಬೇರೆ ಎಂಬುದು ನಮಗೆಲ್ಲ ಒಳಗೊಳಗೇ ಗೊತ್ತಿದೆ. ಮಾರುಕಟ್ಟೆಯ ಪುಸ್ತಕಗಳು ಇವೆರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತವೆ.

ಬದುಕು ಪ್ರಶ್ನೆ ಕೇಳುತ್ತದೆ ಎಂಬುದು ಕೆಲವರ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತದೆ. ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ಒಮ್ಮೆ ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬರಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ, ಪ್ರವಾಸಿಗರು ಹೊರಟುಹೋದರು. ಪ್ರಶ್ನೆ ಇದ್ದದ್ದು ಕಿತ್ತಳೆಯ ಬಗ್ಗೆ. ಅವರು ಕೇಳಿಸಿಕೊಂಡದ್ದು ಮಾತ್ರ ಇನ್ನೂ ದೊಡ್ಡ ಪ್ರಶ್ನೆಯನ್ನು: ತಮ್ಮೂರಿನ ಮಕ್ಕಳಿಗೂ ಇದೇ ಗತಿಯೇ? ಊರಿನಲ್ಲಿ ಶಾಲೆಯಿರಲಿಲ್ಲ. ಹಣ್ಣು ಮಾರಿದ ದುಡ್ಡಿನಲ್ಲಿ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ದಾನಿಗಳನ್ನು ಕಂಡು, 2000ನೇ ಇಸವಿಯಲ್ಲಿ ಮದರಸಾ ಒಂದರಲ್ಲಿ 28 ಮಕ್ಕಳೊಡನೆ ಶಾಲೆ ಆರಂಭವಾಯಿತು. ಅದು ಮುಂದೆ ಸ್ವಂತ ಕಟ್ಟಡ ಕಂಡಿತು, ಪ್ರೌಢಶಾಲೆಯಾಗಿ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಹಾಜಬ್ಬ ತಮ್ಮ ಬದುಕಿನ ಉದ್ದೇಶವನ್ನು ಹುಡುಕಿಕೊಂಡು ಹೊರಟವರಲ್ಲ. ಎದುರಾದ ಒಂದು ಪ್ರಶ್ನೆಯನ್ನು ಮರೆಯದೆ ಉಳಿಸಿಕೊಂಡವರು. ಅದೇ ಅವಮಾನವನ್ನು ಉಂಡವರು ಎಷ್ಟೋ ಮಂದಿ ಇದ್ದಿರಬೇಕು. ಅವರು ಅದನ್ನು ತಮ್ಮೊಬ್ಬರ ಅವಮಾನವಾಗಿ ಇಟ್ಟುಕೊಳ್ಳಲಿಲ್ಲ ಎಂಬುದೇ ವ್ಯತ್ಯಾಸ.

ಇಂಥ ಉದಾಹರಣೆಗಳಿಂದ ಒಂದು ಅಪಾಯವೂ ಇದೆ. ಸಾರ್ಥಕ ಬದುಕೆಂದರೆ ಪದ್ಮಪ್ರಶಸ್ತಿಗೆ ಅರ್ಹವಾಗುವ ಬದುಕು ಎಂಬ ಭಾವನೆ ಬೇರೂರಿಬಿಡುತ್ತದೆ. ನಮ್ಮಂಥ ಸಾಧಾರಣರಿಗೆ ಬರುವ ಪ್ರಶ್ನೆಗಳು ಸಣ್ಣವು, ಅನೇಕ ವೇಳೆ ಮನೆಯೊಳಗಿನವು. ನನ್ನ ತಾಯಿ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆಯಲ್ಲಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಪಕ್ಕದಲ್ಲಿ ಕುಳಿತರೆ, ಮುಖವನ್ನು ದಿಟ್ಟಿಸಿ, ‘ಯಾರ ಮಗನಪ್ಪಾ ನೀನು?’ ಎಂದು ಕೇಳುತ್ತಿದ್ದರು. ‘ನಿನ್ನ ಮಗನೇ ಅಮ್ಮ’ ಎಂದರೆ ನಂಬುತ್ತಿರಲಿಲ್ಲ. ಆದರೆ ಮರುಕ್ಷಣವೇ, ‘ಆಗಲಿ, ಊಟ ಆಯ್ತಾ?’ ಎನ್ನುತ್ತಿದ್ದರು. ‘ನಾನು ಯಾರು?’ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಅಧ್ಯಾತ್ಮದ ದಾರಿ ಎನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ‘ನೀನು ಯಾರು?’ ಎಂದು ಇನ್ನೊಬ್ಬರು ಕೇಳುವ ಪ್ರಶ್ನೆ. ಅದಕ್ಕೆ ದಿನಾ ಸಂಜೆ ಅದೇ ಉತ್ತರವನ್ನು, ಬೇಸರವಿಲ್ಲದ ದನಿಯಲ್ಲಿ ಕೊಡಬೇಕಿತ್ತು. ಆ ನಾಲ್ಕು ವರ್ಷಗಳಲ್ಲಿ ‘ಇದೆಲ್ಲಾ ಯಾಕೆ?’ ಎಂಬ ಪ್ರಶ್ನೆ ನನ್ನನ್ನು ಒಮ್ಮೆಯೂ ಕಾಡಲಿಲ್ಲ ಎಂಬುದು ಈಗ ಹಿಂತಿರುಗಿ ನೋಡಿದಾಗ ಹೊಳೆಯುತ್ತದೆ. ಹೆಸರನ್ನೂ ಮರೆತು, ಯಾರ ಉಪಯೋಗಕ್ಕೂ ಬಾರದೆ ಮಲಗಿದ್ದ ಆ ಜೀವಕ್ಕೆ ಬೆಲೆಯಿರಲಿಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ವಾಕ್ಯದಿಂದ ಹೊರಗಿದ್ದರೂ ಪದಕ್ಕೆ ತನ್ನದೇ ಅರ್ಥವಿದೆ ಎಂಬ ಕುಮಾರಿಲರ ಮಾತಿಗೂ ಮನುಷ್ಯರ ವಿಷಯದಲ್ಲಿ ಜಾಗವಿದೆ.

ಆದರೆ ಹಗಲಿನ ಹೊತ್ತು ಅವರನ್ನು ನೋಡಿಕೊಂಡವಳು ನನ್ನ ಹೆಂಡತಿ. ‘ದೊಡ್ಡ ಪುಣ್ಯದ ಕೆಲಸ ಮಾಡುತ್ತಿದ್ದೀಯಮ್ಮ’ ಎಂದು ನೆಂಟರು ಹೊಗಳಿದಾಗ ಅವಳೊಮ್ಮೆ ನಗುತ್ತಲೇ, ‘ಪುಣ್ಯ ಆಮೇಲೆ ನೋಡೋಣ, ತಿಂಗಳಿಗೊಂದು ದಿನ ರಜ ಸಿಕ್ಕರೆ ಸಾಕು’ ಎಂದಳು. ಆ ಮಾತಿನಲ್ಲಿ ಇಡೀ ಚರ್ಚೆಗೆ ಬೇಕಾದ ತಿದ್ದುಪಡಿಯಿದೆ. ಒಬ್ಬರು ತಾವಾಗಿ ಕೊಡುವ ಉತ್ತರಕ್ಕೂ ಅವರ ಮೇಲೆ ಹೇರಿದ ಕರ್ತವ್ಯಕ್ಕೂ ಅಂತರವಿದೆ. ‘ಸಾರ್ಥಕ’ ಎಂಬ ಹೊಗಳಿಕೆಯನ್ನು ವಿಶ್ರಾಂತಿಯ, ಕೂಲಿಯ, ಗೌರವದ ಬದಲಿಗೆ ಕೊಡುವ ಚಾಳಿ ನಮ್ಮ ಸಮಾಜಕ್ಕೆ ಹಳೆಯದು. ಹೆಂಗಸರಿಗೂ ಕೆಳಜಾತಿಗಳೆಂದು ಕರೆಸಿಕೊಂಡವರಿಗೂ ಅದು ಧಾರಾಳವಾಗಿ ಸಂದಿದೆ. ನಿನ್ನ ಪಾಲಿನ ಕೆಲಸದಲ್ಲಿಯೇ ನಿನ್ನ ಬದುಕಿನ ಅರ್ಥವಿದೆ ಎನ್ನುವ ಉಪದೇಶ, ಆ ಕೆಲಸವನ್ನು ಎಂದೂ ಮಾಡಬೇಕಾಗಿ ಬಾರದವರ ಬಾಯಿಂದಲೇ ಹೆಚ್ಚಾಗಿ ಬರುತ್ತದೆ.

ಆದ್ದರಿಂದ ಕೆಲವೊಮ್ಮೆ ಸರಿಯಾದ ಉತ್ತರವೆಂದರೆ ‘ಒಲ್ಲೆ’ ಎನ್ನುವುದೇ. ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ, ಒಣ ಪಾಯಿಖಾನೆಗಳನ್ನು ಶುಚಿ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಆ ಕೆಲಸವನ್ನು ತಮ್ಮ ಪಾಲಿಗೆ ಬಂದ ಕಾಯಕವೆಂದು ಒಪ್ಪಿಕೊಳ್ಳಲಿಲ್ಲ. ಮನುಷ್ಯನ ಮಲವನ್ನು ಮನುಷ್ಯ ಹೊರುವ ಪದ್ಧತಿಯನ್ನೇ ಕೊನೆಗಾಣಿಸುವುದು ಅವರ ಜೀವನದ ಕೆಲಸವಾಯಿತು. ಅವರು ಇತರರೊಡನೆ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ದೇಶದ ಉದ್ದಗಲಕ್ಕೂ ಹರಡಿ, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ಪದ್ಧತಿಯನ್ನು ನಿಷೇಧಿಸುವ ಕಾನೂನುಗಳು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಬಂದರೂ ಮ್ಯಾನ್‌ಹೋಲಿನ ಸಾವುಗಳು ನಿಂತಿಲ್ಲ. ಹಾಗಾಗಿ ಆ ಕೆಲಸ ಮುಗಿದಿಲ್ಲ. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಾಜಬ್ಬರಂತೆ ಇವರೂ ತಮ್ಮ ಕಣ್ಣೆದುರಿಗಿದ್ದ ಪ್ರಶ್ನೆಗೇ ಉತ್ತರ ಕೊಟ್ಟರು. ಆದರೆ ಆ ಪ್ರಶ್ನೆ ‘ಇದನ್ನು ಹೇಗೆ ಸಹಿಸಲಿ?’ ಎಂಬುದಾಗಿರಲಿಲ್ಲ, ‘ಇದನ್ನು ಯಾಕೆ ಸಹಿಸಬೇಕು?’ ಎಂಬುದಾಗಿತ್ತು.

ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳದೆ ಮುಗಿಸಬಾರದು. ಎಲ್ಲ ಶೂನ್ಯಭಾವವೂ ತತ್ತ್ವಜಿಜ್ಞಾಸೆಯಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಮೊದಲು ಇಷ್ಟವಾಗಿದ್ದದ್ದು ಯಾವುದೂ ಬೇಡವಾಗಿ, ಬದುಕೇ ಬೇಡವೆನಿಸುತ್ತಿದ್ದರೆ ಅದು ಖಿನ್ನತೆಯೆಂಬ ಕಾಯಿಲೆಯಿರಬಹುದು. ಅದಕ್ಕೆ ಬೇಕಾದದ್ದು ಉಪದೇಶವಲ್ಲ, ಚಿಕಿತ್ಸೆ. ಅಂಥವರಿಗೆ ‘ಸಮಾಜಸೇವೆ ಮಾಡು, ಸರಿಹೋಗುತ್ತೆ’ ಎನ್ನುವುದು ಕಾಲು ಮುರಿದವನಿಗೆ ನಡೆದಾಡು ಎಂದಂತೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ನಿಮ್ಹಾನ್ಸ್ ಮಾರ್ಗದರ್ಶನವಿರುವ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಲಭ್ಯವಿದೆ. ಮನೆಯಲ್ಲಿ ಹರೆಯದವರಿದ್ದರೆ ಈ ಸಂಖ್ಯೆ ಗೋಡೆಯ ಕ್ಯಾಲೆಂಡರಿನ ಮೇಲಿದ್ದರೂ ತಪ್ಪಿಲ್ಲ.

ಹಾಗಾದರೆ ಪ್ರಶ್ನೆಯನ್ನೇ ಬಿಟ್ಟುಬಿಡಬೇಕೆ? ಬೇಡ. ಡಿವಿಜಿಯವರು ಬಿಡಲಿಲ್ಲ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ ಆರಂಭವಾಗಿ ಕೆಲವೇ ಪದ್ಯಗಳಾಗುವಷ್ಟರಲ್ಲಿ ಜೀವನದ ಅರ್ಥವೇನೆಂಬ ಪ್ರಶ್ನೆ ನೇರವಾಗಿ ಎದ್ದು ನಿಲ್ಲುತ್ತದೆ. ಒಂಬೈನೂರಕ್ಕೂ ಹೆಚ್ಚು ಪದ್ಯಗಳ ಉದ್ದಕ್ಕೂ ಅದರ ಒತ್ತಡ ಇದ್ದೇ ಇರುತ್ತದೆ. ಆದರೆ ಅದನ್ನು ಬರೆದವರು ಉತ್ತರ ಸಿಗುವವರೆಗೆ ಕೈಕಟ್ಟಿ ಕುಳಿತವರಲ್ಲ. ಪತ್ರಿಕೆ ನಡೆಸಿದರು, ಸಾರ್ವಜನಿಕ ವಿಷಯಗಳ ಬಗ್ಗೆ ಬರೆದರು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಪ್ರಶ್ನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಸಾಗಿದವು. ಪ್ರಶ್ನೆ ಕೆಲಸವನ್ನು ಜಂಭದಿಂದ ಕಾಪಾಡಿತು, ಕೆಲಸ ಪ್ರಶ್ನೆಯನ್ನು ಹತಾಶೆಯಿಂದ ಕಾಪಾಡಿತು ಎಂದು ನಾನು ತಿಳಿದಿದ್ದೇನೆ.

ಇತ್ತೀಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ಇದೇ ವಿಷಯ ಎತ್ತಿದಾಗ ನಾನು ಅವನಿಗೆ ಯಾವ ಪುಸ್ತಕವನ್ನೂ ಸೂಚಿಸಲಿಲ್ಲ. ಈ ವಾರ ನಿನ್ನನ್ನು ಯಾರು ಏನು ಕೇಳಿದರು, ಯಾವುದಕ್ಕೆ ‘ಆಮೇಲೆ ನೋಡೋಣ’ ಎಂದಿದ್ದೀಯೆ, ಒಂದು ಪಟ್ಟಿ ಮಾಡು ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಪಟ್ಟಿ ಉದ್ದ ಇದೆ ಸರ್’ ಎಂದ. ಉದ್ದವಿರುವುದು ಒಳ್ಳೆಯ ಲಕ್ಷಣ. ಅದರಲ್ಲಿ ಎಲ್ಲವೂ ಅವನು ಉತ್ತರಿಸಬೇಕಾದ ಪ್ರಶ್ನೆಗಳಲ್ಲ. ಕೆಲವಕ್ಕೆ ‘ಆಗದು’ ಎನ್ನಬೇಕಾಗುತ್ತದೆ. ಆದರೆ ಅವನದೇ ಆದ, ಅವನಲ್ಲದೆ ಬೇರೆ ಯಾರೂ ಉತ್ತರಿಸಲಾಗದ ಒಂದೆರಡು ಪ್ರಶ್ನೆಗಳು ಅಲ್ಲಿ ಖಂಡಿತ ಇರುತ್ತವೆ. ಅಲ್ಲಿಂದ ಆರಂಭಿಸಲು ಯಾವ ಸಾಕ್ಷಾತ್ಕಾರವೂ ಬೇಕಿಲ್ಲ. ಸಾರ್ಥಕವಾಯಿತೇ ಇಲ್ಲವೇ ಎಂಬ ಲೆಕ್ಕವನ್ನು ಆಮೇಲೆ, ಹಿಂತಿರುಗಿ ನೋಡುವ ಹೊತ್ತಿಗೆ ಬಿಡಬಹುದು. ಪ್ರಾಯಶಃ ಆ ಲೆಕ್ಕ ನೋಡುವವರು ನಾವೇ ಆಗಿರಬೇಕೆಂದೂ ಇಲ್ಲ.